ಗಣಪತಿ ಕುಂದ್ರೂಕಿಂತ ಮೊದಲ ಫಾರ್ಮ್ ತುಂಬ್ರಿ: ಪುಣೆ ಮಹಾಪಾಲಿಕಾ ಬಜೆಟ್ಟಿನಾಗ ನಮ್ಮ ಗಲ್ಲಿ ಕೆಲಸ ಸೇರಸೂದು ಹೆಂಗ

ನಮ್ಮ ವಿಜಯಪುರ, ಕಲಬುರ್ಗಿ, ಯಾದಗಿರಿ ಕಡಿಂದ ಬಂದು ಪುಣೇದಾಗ ಇಪ್ಪತ್ತು ಮೂವತ್ತು ವರ್ಷ ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ಮನಿಗೆಲಸ ಮಾಡ್ಕೋಂತ ಇದ್ದ ಮಂದಿನ ಕೇಳಿ ನೋಡ್ರಿ, ಮಹಾಪಾಲಿಕಾ ಆಫೀಸಿಗೆ ಯಾವಾಗ ಹೋಗಿದ್ರಿ ಅಂತ. ಜನ್ಮ ದಾಖಲಾ ತರಾಕ ಅಂತಾರ, ಇಲ್ಲಂದ್ರ ಘರಪಟ್ಟಿ, ಅಂದ್ರ ಮನಿ ತೆರಿಗಿ, ತುಂಬಾಕ. ಗಲ್ಲಿ ಒಳಗ ಲೈಟ್ ಇಲ್ಲ, ಶೌಚಾಲಯದ ಬಾಗಲಾ ಮುರದೈತಿ, ಮಳಿ ಬಂದ್ರ ಚೇಂಬರ್ ಉಕ್ಕಿ ಮನಿ ಒಳಗ ಬರ್ತೈತಿ, ಇದನ್ನೆಲ್ಲಾ ಹೇಳೂದು ಇಲೆಕ್ಷನ್ ಟೈಮಿನಾಗ ಕೈ ಮುಗಕೋಂತ ಬಂದವರ ಮುಂದ ಅಷ್ಟ. ನಾನೂ ಭಾಳ ವರ್ಷ ಹಂಗ ಇದ್ದೆ. ರೊಕ್ಕ ಹಂಚಿ ಮುಗದ ಮ್ಯಾಲ ನಾವು ಹೋಗಿ ಕೇಳ್ತಿದ್ವಿ, ಅವರು "ಫಂಡ್ ಇಲ್ಲ" ಅಂತಿದ್ರು, ಮತ್ತ ಅದು ಸುಳ್ಳೂ ಆಗಿರಲಿಲ್ಲ, ಯಾಕಂದ್ರ ಆ ವರ್ಷದ ಫಂಡ್ ಯಾವುದಕ್ಕ ಅನ್ನೂದು ಆರು ತಿಂಗಳ ಹಿಂದ ಕಾಗದದ ಮ್ಯಾಲ ಬರದು ಆಗಿರ್ತಿತ್ತು.

ಪುಣೆ ಮಹಾಪಾಲಿಕಾ 2006ರಾಗ ಒಂದು ಪದ್ಧತಿ ಶುರು ಮಾಡೇತಿ, ಮುಂದಿನ ವರ್ಷದ ಬಜೆಟ್ಟಿನಾಗ ನಿಮ್ಮ ಏರಿಯಾದ ಯಾವ ಸಣ್ಣ ಕೆಲಸ ಸೇರಿಸಬೇಕು ಅಂತ ಅಲ್ಲಿ ಇರೂ ಮಂದಿನ ಫಾರ್ಮ್ ತುಂಬಿ ಹೇಳಬಹುದು. ಮರಾಠಿ ಒಳಗ ಇದಕ್ಕ ನಾಗರಿಕ ಸಹಭಾಗ ಅಂದಾಜಪತ್ರಕ ಅಂತಾರ, ಅಂದಾಜಪತ್ರಕ ಅಂದ್ರ ಬಜೆಟ್. ಇಂಥಾದ್ದನ್ನ ಮೊದಲು ದೊಡ್ಡದಾಗಿ ಮಾಡಿದ್ದು ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ಅನ್ನೂ ಊರು, 1989ರಾಗ. ನಮ್ಮ ದೇಶದಾಗ ಇದನ್ನ ಇಷ್ಟು ವರ್ಷ ಹಿಡಕೊಂಡು ಬಂದ ಊರು ಭಾಳ ಇಲ್ಲ, ಪುಣೆ ಹಿಡಕೊಂಡು ಬಂದೈತಿ, ಅದನ್ನ ಮೆಚ್ಚಬೇಕು. ಆದ್ರ ಫಾರ್ಮ್ ತುಂಬೂವರು ಯಾರು ಅಂತ ನೋಡಿದ್ರ ಹೆಚ್ಚಿನವರು ಸೊಸಾಯಿಟಿ ಫ್ಲ್ಯಾಟಿನ ಓದಿದ ಮಂದಿ, ರಿಟೈರ್ ಆದ ಹಿರಿಯರು. ಅವರು ತುಂಬೂದು ತಪ್ಪಲ್ಲ, ನಾವು ತುಂಬದ ಇರೂದು ತಪ್ಪು. ಅದಕ್ಕ ಇದನ್ನ ಬರ್ಯಾಕತ್ತೀನಿ, ನಮ್ಮ ವಸ್ತಿ ಒಳಗಿನ ಹೆಣ್ಮಕ್ಕಳಿಗಂತೂ ಯಾರಾರ ಓದಿ ಹೇಳ್ರಿ.

ಮೊದಲನೇದು ತಾರೀಖು. ಮಹಾಪಾಲಿಕಾ ವರ್ಷ ಏಪ್ರಿಲ್ 1ಕ್ಕ ಶುರು ಆಗಿ ಮಾರ್ಚ್ 31ಕ್ಕ ಮುಗೀತೈತಿ. ಏಪ್ರಿಲ್‌ನಿಂದ ಖರ್ಚು ಮಾಡೂ ರೊಕ್ಕದ ಲೆಕ್ಕ ಅದರ ಹಿಂದಿನ ಮಳಿಗಾಲದಾಗ ಶುರು ಆಗ್ತೈತಿ. ಫಾರ್ಮ್ ಕರಿಯೂದು ಹೆಚ್ಚಾಗಿ ಆಗಸ್ಟ್-ಸೆಪ್ಟೆಂಬರ್ ಸುಮಾರಿಗೆ, ಕಡೀ ತಾರೀಖು ವರ್ಷ ವರ್ಷ ಹೆಚ್ಚು ಕಮ್ಮಿ ಆಗ್ತೈತಿ. ಆ ಹೊತ್ತಿಗೆ ನಮ್ಮ ಹುಡುಗ್ರೆಲ್ಲಾ ಗಣಪತಿ ಮಂಡಳದ ವರ್ಗಣಿ, ಮಾಂಡವ, ಲೈಟಿಂಗ್ ಅಂತ ಓಡಾಡ್ತಿರ್ತಾರ. ಗಣಪತಿ ಮುಗಿಲಿ ಆಮ್ಯಾಲ ನೋಡೂಣು ಅಂತ ಕುಂತ್ರ ತಾರೀಖು ಮುಗದು ಹೋಗಿರ್ತೈತಿ, ನಮಗ ಎರಡು ವರ್ಷ ಹಂಗ ಆತು. ಈಗ ನಾವು ಏನ್ ಮಾಡ್ತೀವಿ ಅಂದ್ರ ಮಂಡಳದ ಮೊದಲನೇ ಮೀಟಿಂಗ್ ಒಳಗ, ವರ್ಗಣಿ ಎಷ್ಟು ಅಂತ ಮಾತಾಡೂ ಹೊತ್ತಿಗೇ ಇದನ್ನೂ ತೆಗೀತೀವಿ, ಯಾಕಂದ್ರ ವರ್ಷದಾಗ ಅಷ್ಟು ಮಂದಿ ಒಂದ ಕಡೆ ಕೂಡೂದು ಆವಾಗ ಮಾತ್ರ. ಆಗಸ್ಟ್ ಹತ್ತಿದ ಕೂಡ್ಲೆ ವಾರಕ್ಕೊಮ್ಮೆ ಒಬ್ಬರು ಕ್ಷೇತ್ರೀಯ ಕಾರ್ಯಾಲಯಕ್ಕ ಹೋಗಿ ಫಾರ್ಮ್ ಬಂದಾವೇನು ಅಂತ ಕೇಳ್ಬೇಕು, ಮಹಾಪಾಲಿಕಾ ವೆಬ್‌ಸೈಟ್ ನೋಡ್ಬೇಕು, ಮರಾಠಿ ಪೇಪರ್ ಓದೂವರಿಗೆ ಹೇಳಿಡಬೇಕು.

ಕ್ಷೇತ್ರೀಯ ಕಾರ್ಯಾಲಯ ಅಂದ್ರ ವಾರ್ಡ್ ಆಫೀಸ್. ಶಿವಾಜಿನಗರದಾಗ ಇರೂ ದೊಡ್ಡ ಮಹಾಪಾಲಿಕಾ ಬಿಲ್ಡಿಂಗಿಗೆ ಇದಕ್ಕ ಓಡಬ್ಯಾಡ್ರಿ, ಒಂದಿನದ ಪಗಾರ ಹೋಗ್ತೈತಿ. ಪುಣೆ ಊರಿಗೆ ಇಂಥಾ 15 ಕಾರ್ಯಾಲಯ ಅದಾವ, ಹಡಪಸರ-ಮುಂಢವಾ, ಯೆರವಡಾ-ಕಳಸ-ಧಾನೋರಿ, ಬಿಬವೇವಾಡಿ, ಧನಕವಡಿ-ಸಹಕಾರನಗರ, ವಾರಜೆ-ಕರ್ವೇನಗರ, ಭವಾನಿ ಪೇಠ, ಹಿಂಗ. ನಿಮ್ಮದು ಯಾವುದು ಅಂತ ಗೊತ್ತಿಲ್ಲಂದ್ರ ಘರಪಟ್ಟಿ ಬಿಲ್ ನೋಡ್ರಿ, ಇಲ್ಲ ಕಸ ತಗೊಂಡು ಹೋಗಾಕ ಬರೂ ತಾಯಂದ್ರನ್ನ ಕೇಳ್ರಿ, ಅವರಿಗೆ ಗಲ್ಲಿ ಗಲ್ಲಿ ಗೊತ್ತಿರ್ತೈತಿ. ಅದರ ಜೋಡಿ ನಿಮ್ಮ ಪ್ರಭಾಗದ, ಅಂದ್ರ ಚುನಾವಣಿ ವಾರ್ಡಿನ, ನಂಬರ್ ಬೇಕಾಗ್ತೈತಿ. 2026ರ ಜನವರಿ ಚುನಾವಣಿಗೆ ಪುಣೇದಾಗ 41 ಪ್ರಭಾಗ ಮಾಡ್ಯಾರ, 165 ನಗರಸೇವಕರು (ಕಾರ್ಪೊರೇಟರ್), ಗಡಿ ಎಲ್ಲಾ ಬದಲಾಗೇತಿ. ಹಳೇ ನಂಬರ್ ಬರದು ಕೊಟ್ರ ನಿಮ್ಮ ಫಾರ್ಮ್ ಇನ್ನೊಂದು ಏರಿಯಾದ ಗಂಟಿನಾಗ ಹೋಗಿ ಬೀಳ್ತೈತಿ.

ಈಗ ಮುಖ್ಯ ಮಾತು, ಇಲ್ಲೇ ನಮ್ಮ ಮಂದಿ ಸೋಲೂದು. ಕಂಪ್ಲೇಂಟ್ ಬ್ಯಾರೆ, ಕೆಲಸ ಬ್ಯಾರೆ. ನಮ್ಮ ಮೊದಲನೇ ಫಾರ್ಮಿನಾಗ ನಾನು "ಸಾರ್ವಜನಿಕ ಶೌಚಾಲಯ ಭಾಳ ಹೊಲಸೈತಿ, ಹೆಣ್ಮಕ್ಕಳಿಗೆ ತ್ರಾಸ ಆಗ್ತೈತಿ, ದಯಮಾಡಿ ಲಕ್ಷ್ಯ ಕೊಡ್ರಿ" ಅಂತ ಮರಾಠಿಯಾಗ ಒಬ್ಬ ಹುಡುಗನ ಕಡಿಂದ ಬರಸಿದ್ದೆ. ಅದು ಎಲ್ಲೂ ಸೇರಲಿಲ್ಲ. ಯಾರೂ ಕಾರಣಾನೂ ಹೇಳಲಿಲ್ಲ, ನಾನ ನಾಲ್ಕು ಸರ್ತಿ ಹೋಗಿ ಕೇಳಿದ ಮ್ಯಾಲ ಒಬ್ಬ ಜೆಇ (ಜೂನಿಯರ್ ಇಂಜಿನಿಯರ್) ಸಾಹೇಬರು, ವಯಸ್ಸಿನವರು, ಕುಂದ್ರಿಸಿ ತಿಳಿಸಿ ಹೇಳಿದ್ರು, ಹೊಲಸು ಅನ್ನೂದಕ್ಕ ನಾನು ಎಸ್ಟಿಮೇಟ್ ಹೆಂಗ ಮಾಡ್ಲಿ ಮಾವಶಿ, ಎಷ್ಟು ಬಾಗಲಾ ಮುರದಾವ ಎಷ್ಟು ನಲ್ಲಿ ಇಲ್ಲ ಅಂತ ಹೇಳ್ರಿ, ಅದಕ್ಕ ರೇಟ್ ಐತಿ ಅಂತ. ಆ ಮಾತು ನನಗ ಕಣ್ಣು ತೆರಸ್ತು. ಹೊಲಸು ತೊಳಿಯೂದು ದಿನದ ಸೇವಾ, ಅದಕ್ಕ ಮಹಾಪಾಲಿಕಾದ ಪಿಎಂಸಿ ಕೇರ್ ಆ್ಯಪ್ ಮ್ಯಾಲ ಇಲ್ಲ ಆರೋಗ್ಯ ನಿರೀಕ್ಷಕರ ಕಡೆ ಕಂಪ್ಲೇಂಟ್ ಹಾಕ್ಬೇಕು. ಬಜೆಟ್ ಫಾರ್ಮಿಗೆ ಬೇಕಾಗೂದು ಅಳತಿ ಹಿಡಿಯಾಕ ಬರೂ ಕೆಲಸ: ಫುಟ್‌ಪಾತ್, ಪೇವರ್ ಬ್ಲಾಕ್, ಲೈಟ್ ಕಂಬ, ಬಸ್ ಸ್ಟಾಪಿನ ನೆರಳು, ಚೇಂಬರ್ ಮ್ಯಾಲಿನ ಮುಚ್ಚಳ, ಮಳಿನೀರಿನ ಪೈಪು, ಗಾರ್ಡನ್ ಒಳಗಿನ ಬೆಂಚು, ಶೌಚಾಲಯದ ರಿಪೇರಿ.

ಮರುವರ್ಷ ನಾವು ಬರದದ್ದು ಹಿಂಗಿತ್ತು: ಮಾರುತಿ ಗುಡಿಯಿಂದ ಸಾರ್ವಜನಿಕ ಶೌಚಾಲಯದ ತನಕ ಸುಮಾರು ಅರವತ್ತು ಮೀಟರ್ ಹಾದಿ, ಒಂದೂ ಲೈಟಿಲ್ಲ, ಮೂರು ಕಂಬ ಬೇಕು; ಇನ್ನೊಂದು ಫಾರ್ಮಿನಾಗ, ಶೌಚಾಲಯದ ಹೆಂಗಸರ ಬಾಜೂಕ ನಾಲ್ಕು ಬಾಗಲಾಕ್ಕ ಒಳಗಿನ ಕೊಂಡಿ ಇಲ್ಲ. ಅದಕ್ಕ ಕೈಲೆ ತೆಗದ ಒಂದು ನಕಾಶಿ, ರಾತ್ರಿ ಎಂಟಕ್ಕ ತೆಗದ ಎರಡು ಫೋಟೋ. ಹಗಲಿನಾಗ ಫೋಟೋ ತೆಗದು ಲೈಟಿಲ್ಲ ಅಂದ್ರ ಯಾರಿಗೆ ತಿಳೀಬೇಕು, ಇದನ್ನ ಹೇಳಿದಾಕಿ ಹತ್ತನೇತ್ತೆ ಓದೂ ಒಬ್ಬ ಹುಡುಗಿ.

ರೊಕ್ಕದ ಮಿತಿ ಐತಿ. ಭಾಳ ವರ್ಷ ಒಂದು ಕೆಲಸಕ್ಕ 5 ಲಕ್ಷ ರೂಪಾಯಿಗಿಂತ ಹೆಚ್ಚಿರಬಾರದು ಅನ್ನೂ ನಿಯಮ ನಡದು ಬಂದೈತಿ, ನೀವು ತುಂಬೂ ವರ್ಷದ ಫಾರ್ಮ್ ಮ್ಯಾಲ ಏನ್ ಬರದೈತಿ ಅದನ್ನ ಓದ್ಕೋರಿ. ಹಿಂಗಾಗಿ ಫ್ಲೈಓವರ್ ಬೇಕು, ದವಾಖಾನಿ ಬೇಕು ಅಂತ ಇದರಾಗ ಬರಿಯಾಕ ಬರೂದಿಲ್ಲ. ಒಂದ ಫಾರ್ಮಿನಾಗ ಹತ್ತು ಬೇಡಿಕಿ ತುರಕಬ್ಯಾಡ್ರಿ, ಒಂದು ಫಾರ್ಮಿಗೆ ಒಂದ ಕೆಲಸ.

ಜಾಗಾ ಯಾರದು ಅನ್ನೂದನ್ನ ತುಂಬೂಕಿಂತ ಮೊದಲ ನೋಡ್ರಿ. ಮಹಾಪಾಲಿಕಾ ತನ್ನ ಜಾಗಾದ ಮ್ಯಾಲ ಮಾತ್ರ ಕೆಲಸ ಮಾಡ್ತೈತಿ. ರಸ್ತಾ ಪಿಡಬ್ಲ್ಯುಡಿದು ಇರಬಹುದು, ಕಾಲುವಿ ದಂಡಿ ನೀರಾವರಿ ಖಾತೆದು ಇರಬಹುದು, ಕ್ಯಾಂಟೋನ್ಮೆಂಟ್ ಒಳಗ ಇದ್ರ ಅದರ ಬೋರ್ಡೇ ಬ್ಯಾರೆ, ಸೊಸಾಯಿಟಿ ಗೇಟಿನ ಒಳಗಿನ ರಸ್ತಾ ಅಂತೂ ಖಾಸಗಿ. ಜಾಗಾ ಅವರದಲ್ಲ ಅಂತ ತಿರಸ್ಕಾರ ಆದ್ರ ವರ್ಷ ಪೂರಾ ಹಾಳು. 2017ರಾಗ 11 ಹಳ್ಳಿ, 2021ರಾಗ 23 ಹಳ್ಳಿ ಮಹಾಪಾಲಿಕಾ ಹದ್ದಿನಾಗ ಸೇರಸಿದ್ರಲ್ಲಾ, ಅಲ್ಲಿ ಈ ತೊಂದರಿ ಹೆಚ್ಚು, ಯಾವ ಹಾದಿ ಯಾರ ಹೆಸರಿಗೆ ಐತಿ ಅನ್ನೂದು ಅಲ್ಲಿ ಹಳೇ ಮಂದಿಗೇ ಸರಿಯಾಗಿ ಗೊತ್ತಿರೂದಿಲ್ಲ. ಜೆಇ ಕಡೆ ಹೋಗಿ ಬಾಯಿಲೆ ಕೇಳ್ಕೊಂಡು ಬರೂದು ಛಲೋ.

ಇನ್ನ ಯಾವ ಕೆಲಸ ಬರಿಯೂದು ಅಂತ ವಸ್ತಿ ಒಳಗ ಹೆಂಗ ಠರಾಯಿಸೂದು? ಇದಕ್ಕ ಯಾವ ಸರ್ಕಾರದ ನಿಯಮಾನೂ ಇಲ್ಲ, ನಾವ ಮಾಡ್ಕೊಂಡ ಪದ್ಧತಿ ಹೇಳ್ತೀನಿ. ಮೀಟಿಂಗ್ ಕರದ್ರ ಗಂಡಸರು ಬಂದು ಮುಂದ ಕುಂದರ್ತಾರ, ಪಾರ್ಕಿಂಗ್, ಮಂಡಳದ ಕಟ್ಟಿ, ಕಮಾನು ಅಂತ ಮಾತು ಅಲ್ಲೇ ತಿರಗತೈತಿ. ಹೆಂಗಸರು ಬರೂ ಹೊತ್ತಿಗೆ ಒಂದೂ ಮೀಟಿಂಗ್ ಇರೂದಿಲ್ಲ, ಮುಂಜಾನೆ ನಾಲ್ಕು ಮನಿ ಕೆಲಸ, ಸಂಜಿಗೆ ಎರಡು ಮನಿ ಕೆಲಸ, ಬಂದು ನೀರು ಹಿಡಿಯೂದು, ರೊಟ್ಟಿ ಬಡಿಯೂದು. ಅದಕ್ಕ ನಾವು ಐತವಾರ ಮಧ್ಯಾಹ್ನ ಎರಡೂವರಿಗೆ ಇಟ್ಟಿವಿ. ಕೂಡೂಕಿಂತ ಮೊದಲ ಗಲ್ಲಿ ಒಂದು ಸುತ್ತು ತಿರಗತೀವಿ, ಒಬ್ಬ ಮುದುಕಿ, ಒಬ್ಬ ಶಾಳೆಗೆ ಹೋಗೂ ಹುಡುಗ, ಕಾಲಿಲ್ಲದ ನಮ್ಮ ಕಾಕಾ ಒಬ್ಬರು ತ್ರಿಚಕ್ರದ ಮ್ಯಾಲ, ಇವರನ್ನ ಮುಂದ ಬಿಟ್ಟು ಉಳದವರು ಹಿಂದ. ಅವರು ಎಲ್ಲಿ ನಿಂದರ್ತಾರ, ಎಲ್ಲಿ ಬಗ್ಗಿ ಗ್ವಾಡಿ ಹಿಡೀತಾರ, ಅಲ್ಲೆಲ್ಲಾ ಸುಣ್ಣದ ಗುರ್ತ. ಕಾಕಾ ಒಂದು ಚೇಂಬರ್ ಮುಂದ ನಿಂತು ದಿನಾ ನಾನು ಇಲ್ಲಿಂದ ಹೊಳ್ಳಿ ಹೋಗ್ತೀನಿ ಅಂದ್ರು. ನಾವು ಹತ್ತು ವರ್ಷ ಆ ಚೇಂಬರ್ ದಾಟಿ ಹೋದವರು, ಯಾರಿಗೂ ಅದು ಕಂಡಿದ್ದೇ ಇಲ್ಲ.

ಆಮ್ಯಾಲ ಓಣಿ ಒಳಗ ತಾಡಪತ್ರಿ ಹಾಸಿ, ಒಂದೊಂದು ಕೆಲಸಕ್ಕ ಒಂದೊಂದು ಪರಾತ ಇಟ್ಟು, ಪ್ರತಿಯೊಬ್ಬರ ಕೈಯಾಗ ಮೂರು ಹುಣಸಿ ಬೀಜ ಕೊಡೂದು, ಯಾವುದು ಮೊದಲು ಬೇಕೋ ಅದರಾಗ ಹಾಕ್ರಿ ಅಂತ. ಓದು ಬರಹ ಬೇಕಾಗಿಲ್ಲ, ಜೋರಾಗಿ ಮಾತಾಡೂದೂ ಬೇಕಾಗಿಲ್ಲ. ಗಂಡನ ಮುಂದ ಬಾಯಿ ತೆಗೀದಾಕಿನೂ ಮೂರು ಬೀಜ ಹಾಕಿ ಹೋಗ್ತಾಳ. ಮೊದಲನೇ ಸರ್ತಿ ಕಮಾನಿಗೆ ಬಿದ್ದದ್ದು ಒಂಬತ್ತು ಬೀಜ, ಶೌಚಾಲಯದ ಹಾದಿ ಲೈಟಿಗೆ ಪರಾತ ತುಂಬಿತ್ತು. ಎಣಿಸಿದ್ದನ್ನ ಎಲ್ಲಾರ ಮುಂದ ವಹಿ ಒಳಗ ಬರದು ಇಡ್ರಿ, ಮುಂದ ಯಾರಾರ ಬಂದು ಇದು ನಾಲ್ಕು ಮಂದಿ ಬೇಡಿಕಿ ಅಂದ್ರ ತೋರಸಾಕ ಆಗ್ತೈತಿ.

ಫಾರ್ಮಿನ ಭಾಷಾ ಮರಾಠಿ. ಇದಕ್ಕ ಹೆದರಬ್ಯಾಡ್ರಿ. ನಿಮ್ಮ ಮನಿ ಹುಡುಗ್ರು ಮಹಾಪಾಲಿಕಾ ಶಾಳೆದಾಗ ಮರಾಠಿ ಓದ್ತಾರ, ಅವರ ಕಡೆ ತುಂಬಸ್ರಿ, ಹೆಂಗೂ ಆ ಹುಡುಗ್ರೂ ಇದನ್ನ ಕಲೀಬೇಕು. ಮಾತೃಭಾಷಾ ಯಾವುದು, ಎಲ್ಲಿಂದ ಬಂದೀರಿ ಅಂತ ಫಾರ್ಮ್ ಕೇಳೂದಿಲ್ಲ. ಹೆಸರು, ವಿಳಾಸ, ಕೆಲಸ, ಜಾಗಾ, ಇಷ್ಟ. ನಾವು ಹೊರಗಿನವರು, ನಾವು ಹೆಂಗ ಕೇಳೂದು ಅಂತ ನಮ್ಮ ಹಿರಿಯರು ಇನ್ನೂ ಅಂತಾರ. ಈ ಊರಿನ ಬಿಲ್ಡಿಂಗಿನ ಸ್ಲ್ಯಾಬ್ ಹಾಕಿದವರು ಅವರು, ನೀರಿನ ಪಟ್ಟಿ ತುಂಬಿದವರು ಅವರು, ಅವರ ಮೊಮ್ಮಕ್ಕಳು ಇಲ್ಲೇ ಹುಟ್ಟ್ಯಾರ. ಕೇಳೂ ಹಕ್ಕು ಅವರಿಗಿಲ್ಲ ಅಂದ್ರ ಯಾರಿಗೈತಿ.

ಫಾರ್ಮ್ ಎರಡು ಪ್ರತಿ ಮಾಡ್ರಿ. ಕಾರ್ಯಾಲಯದಾಗ ಬಂದ ಹೋದ ಕಾಗದ ನೋಂದಣಿ ಮಾಡೂ ಆವಕ-ಜಾವಕ ಅಂತ ಒಂದು ಟೇಬಲ್ ಇರ್ತೈತಿ, ಅಲ್ಲೇ ಕೊಡ್ರಿ, ಸಿಪಾಯಿ ಕೈಯಾಗ ಕೊಟ್ಟು ಬರಬ್ಯಾಡ್ರಿ. "ಪೋಚ್ ದ್ಯಾ", ಅಂದ್ರ ಮುಟ್ಟಿದ್ದಕ್ಕ ಪಾವತಿ ಕೊಡ್ರಿ, ಅಂತ ಕೇಳ್ರಿ, ನಿಮ್ಮ ಪ್ರತಿ ಮ್ಯಾಲ ಶಿಕ್ಕಾ, ತಾರೀಖು, ನಂಬರ್ ಹಾಕಿಸಿಕೊಂಡು ಬರ್ರಿ. ಆನ್‌ಲೈನ್ ತುಂಬಿದ್ರ ಸ್ಕ್ರೀನ್‌ಶಾಟ್ ತೆಗದು ವಾಟ್ಸಾಪ್ ಗ್ರೂಪಿನಾಗ ಹಾಕಿಡ್ರಿ, ಮೊಬೈಲ್ ಕಳದ್ರೂ ಉಳೀತೈತಿ. ಪೋಚ್ ಇಲ್ಲದ ಅರ್ಜಿ ಅಂದ್ರ ಕೊಡದ ಅರ್ಜಿ.

ಕೊಟ್ಟ ಮ್ಯಾಲ ಏನಾಗ್ತೈತಿ ಅಂದ್ರ ಇಂಜಿನಿಯರ್‌ಗಳು ಜಾಗಾ ನೋಡಿ ಆಗೂದು ಯಾವುದು ಆಗದ್ದು ಯಾವುದು ಅಂತ ಬ್ಯಾರೆ ಮಾಡ್ತಾರ, ಎಸ್ಟಿಮೇಟ್ ಹಾಕ್ತಾರ, ಆ ಯಾದಿ ಪ್ರಭಾಗ ಸಮಿತಿ ಮುಂದ ಹೋಗ್ತೈತಿ. ಪ್ರಭಾಗ ಸಮಿತಿ ಅನ್ನೂದು ಯಾರೋ ದಯಾ ತೋರಿಸಿ ಮಾಡಿದ್ದಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ಕ್ಕ ಜಾರಿಗೆ ಬಂತಲ್ಲಾ, 3 ಲಕ್ಷ ಮತ್ತ ಅದಕ್ಕಿಂತ ಹೆಚ್ಚು ಜನಸಂಖ್ಯಾ ಇರೂ ಊರಿನಾಗ ಇಂಥಾ ಸಮಿತಿ ಇರಲೇಬೇಕು ಅಂತ ಅದರಾಗೇ ಐತಿ. ಮಹಾರಾಷ್ಟ್ರದ ಕಾಯ್ದೆ ಪ್ರಕಾರ ನಗರಸೇವಕರ ಜೋಡಿ ಸಂಸ್ಥಾಗಳ ಕಡಿಂದ ಮೂರು ಮಂದಿ ತನಕ ಇದರಾಗ ಕುಂದರಬಹುದು. 2022ರ ಮಾರ್ಚಿನಾಗ ಹಳೇ ನಗರಸೇವಕರ ಅವಧಿ ಮುಗದು, 2026ರ ಜನವರಿ 15ಕ್ಕ ಮತದಾನ ಆಗೂ ತನಕ, ಹತ್ತಿರ ಹತ್ತಿರ ನಾಲ್ಕು ವರ್ಷ ಆರಿಸಿ ಬಂದವರೇ ಇರಲಿಲ್ಲ, ಪೂರಾ ಕಾರಭಾರ ಪ್ರಶಾಸಕರ, ಅಂದ್ರ ಸರ್ಕಾರ ನೇಮಿಸಿದ ಅಧಿಕಾರಿ, ಕೈಯಾಗಿತ್ತು. ಆವಾಗ ನಾವು ಯಾರ ಬಾಗಲಾ ಬಡೀಬೇಕು ಅನ್ನೂದೇ ತಿಳೀತಿರಲಿಲ್ಲ. ಈಗ ನಗರಸೇವಕರು ಅದಾರ, ಒಂದು ಪ್ರಭಾಗಕ್ಕ ನಾಲ್ಕು ಮಂದಿ (ಒಂದ ಪ್ರಭಾಗಕ್ಕ ಐದು). ನಾಲ್ಕೂ ಮಂದಿಗೆ ಫಾರ್ಮಿನ ಪ್ರತಿ ಮುಟ್ಟಸ್ರಿ, ನೀವು ವೋಟ್ ಹಾಕಿದವರಿಗೆ ಒಬ್ಬರಿಗೇ ಕೊಟ್ರ ಉಳದ ಮೂವರು ಅದನ್ನ ಅವರ ಕೆಲಸ ಅಂತ ಬಾಜೂಕ ಇಡ್ತಾರ.

ಬಜೆಟ್ ಪಾಸ್ ಆದ ಮ್ಯಾಲ ಪುಸ್ತಕದಾಗ ನಿಮ್ಮ ಕೆಲಸ ಐತೇನು ಹುಡಕ್ರಿ, ವೆಬ್‌ಸೈಟ್ ಮ್ಯಾಲ ಹಾಕ್ತಾರ, ದಪ್ಪ ಪುಸ್ತಕ, ನಾಗರಿಕರ ಸೂಚನಾದ ಭಾಗ ಬ್ಯಾರೇನೇ ಇರ್ತೈತಿ. ಹೆಸರು ಬಂತು ಅಂತ ಪೇಢೆ ಹಂಚಿ ಸುಮ್ನ ಕುಂದರಬ್ಯಾಡ್ರಿ. ಮಹಾಪಾಲಿಕಾದಾಗ ವರ್ಗೀಕರಣ ಅಂತ ಒಂದು ಶಬ್ದ ಐತಿ, ಒಂದು ಕೆಲಸಕ್ಕ ಇಟ್ಟ ರೊಕ್ಕಾ ಇನ್ನೊಂದಕ್ಕ ತಿರಗಿಸೂದು ಅಂತ ಅದರ ಅರ್ಥ. ಬಳಸದ ರೊಕ್ಕಾ ಹಿಂಗ ತಿರಗೂದು ಸುಲಭ, ಬೆನ್ನು ಹತ್ತಿದ ರೊಕ್ಕಾ ತಿರಗೂದು ಕಷ್ಟ. ಜೂನ್‌ದಾಗ ಒಮ್ಮೆ, ದೀಪಾವಳಿ ಆದ ಮ್ಯಾಲ ಒಮ್ಮೆ ಹೋಗಿ ಟೆಂಡರ್ ಆತೇನು, ವರ್ಕ್ ಆರ್ಡರ್ ಬಂತೇನು ಅಂತ ಕೇಳ್ರಿ. ಉತ್ತರ ಸಿಗಲಿಲ್ಲಂದ್ರ ಮಾಹಿತಿ ಹಕ್ಕು ಐತಿ, 10 ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿ ಅರ್ಜಿ ಹಾಕಿದ್ರ 30 ದಿನದಾಗ ಉತ್ತರ ಕೊಡಬೇಕು. ಮಹಾರಾಷ್ಟ್ರದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದ ಒಳಗ. ನಮ್ಮ ಸಿಟ್ಟನ್ನೆಲ್ಲಾ ಅದರಾಗ ಬರಿಯಾಕ ಹೋದ್ರ ಅರ್ಜಿ ಹೊಳ್ಳಿ ಬರ್ತೈತಿ. ಈ ಕೆಲಸದ ಎಸ್ಟಿಮೇಟ್ ಪ್ರತಿ, ವರ್ಕ್ ಆರ್ಡರ್ ಪ್ರತಿ ಕೊಡ್ರಿ, ಇಷ್ಟ ಸಾಕು.

ಬಜೆಟ್ ಬಿಟ್ಟು ಇನ್ನೂ ಕೆಲವು ಬಾಗಲಾ ಅದಾವ, ಚುಟುಕಾಗಿ ಹೇಳ್ತೀನಿ. ವಾರ್ಡ್ ಆಫೀಸಿನಾಗ ಮೊಹಲ್ಲಾ ಕಮಿಟಿ ಸಭಾ ಆಗ್ತೈತಿ, ಎಲ್ಲಾ ಖಾತೆ ಇಂಜಿನಿಯರ್‌ಗಳು ಒಂದ ಕಡೆ ಸಿಗೂದು ಅಲ್ಲೇ, ಹೋಗಿ ಹೆಸರು ಬರಸಿ ಮಾತಾಡ್ರಿ, ನೀವು ಹೇಳಿದ್ದನ್ನ ಅವರು ಬರಕೊಂಡ್ರೇನು ಅಂತ ನೋಡ್ರಿ. ತಿಂಗಳ ಮೊದಲನೇ ಸೋಮವಾರ ಲೋಕಶಾಹಿ ದಿನ, ಅಧಿಕಾರಿಗಳು ಮಂದಿ ದೂರು ಕೇಳೂ ದಿನ, ಆದ್ರ ಅದಕ್ಕ ಹದಿನೈದು ದಿನ ಮೊದಲ ಅರ್ಜಿ ಕೊಟ್ಟಿರಬೇಕು, ಸುಮ್ನ ಹೋಗಿ ನಿಂತ್ರ ಆಗೂದಿಲ್ಲ. ಮತ್ತ ಪೇಪರಿನಾಗ "ಹರಕತಿ ವ ಸೂಚನಾ" (ಆಕ್ಷೇಪ ಮತ್ತ ಸಲಹೆ) ಅನ್ನೂ ಸಣ್ಣ ಅಕ್ಷರದ ಜಾಹೀರಾತು ಬಂದ್ರ ಬಿಡಬ್ಯಾಡ್ರಿ, ನಿಮ್ಮ ಆಟದ ಮೈದಾನದ ಮೀಸಲಾತಿ ತೆಗಿಯೂದು, ಡೆವಲಪ್‌ಮೆಂಟ್ ಪ್ಲ್ಯಾನ್ ಬದಲಿ ಮಾಡೂದು ಇದೆಲ್ಲಾ ಅಲ್ಲೇ ಬರ್ತೈತಿ, ಆಕ್ಷೇಪ ಹೇಳಾಕ ಟೈಮ್ ಒಂದು ತಿಂಗಳ ಆಸುಪಾಸು ಅಷ್ಟ ಇರ್ತೈತಿ. ಅರ್ಜಿ ಕೊಟ್ರ ಏನಾಗ್ತೈತಿ ಅನ್ನೂವರಿಗೆ ಮುಂಬೈ ಕಥಿ ಹೇಳ್ರಿ, 2015ರ ಫೆಬ್ರುವರಿಯಾಗ ಅಲ್ಲಿಯ 2034ರ ತನಕದ ಡೆವಲಪ್‌ಮೆಂಟ್ ಪ್ಲ್ಯಾನಿನ ಕರಡು ಬಂದಾಗ ಮಂದಿ ಸಾವಿರಾರು ಆಕ್ಷೇಪ ಹಾಕಿದ್ರು, ಏಪ್ರಿಲ್‌ದಾಗ ಮುಖ್ಯಮಂತ್ರಿ ಆ ಕರಡನ್ನ ರದ್ದು ಮಾಡಿ ತಿದ್ದಿ ತರ್ರಿ ಅಂದ್ರು, 2016ಕ್ಕ ಹೊಸ ಕರಡು ಬಂತು.

ಮುಂಬೈದಾಗ ಇರೂ ನಮ್ಮ ಬಂಧುಗಳು ಕೇಳ್ತಾರ, ನಮಗೂ ಹಿಂಗ ಐತೇನು ಅಂತ. ಪುಣೆಯಂಗ ಪ್ರಭಾಗದ ಫಾರ್ಮ್ ಅಲ್ಲಿ ಇಲ್ಲ. ಅಲ್ಲಿ ಎಎಲ್ಎಂ (ಅಡ್ವಾನ್ಸ್ಡ್ ಲೊಕ್ಯಾಲಿಟಿ ಮ್ಯಾನೇಜ್‌ಮೆಂಟ್) ಅಂತ ಗಲ್ಲಿ ಮಟ್ಟದ ನಾಗರಿಕರ ಕಮಿಟಿ ಅದಾವ, 1990ರ ದಶಕದಾಗ ಘಾಟ್ಕೋಪರದ ಜೋಶಿ ಲೇನ್‌ದಾಗ ಕಸದ ಸಲುವಾಗಿ ಶುರು ಆದದ್ದು, ವಾರ್ಡ್ ಆಫೀಸಿನಾಗ ನೋಂದಣಿ ಮಾಡಸಬೇಕು. ಗೋವಾದ ಹಳ್ಳಿ ಪಂಚಾಯ್ತಿ ಒಳಗ ಇರೂವರಿಗೆ ಗ್ರಾಮಸಭಾ ಐತಿ, ಅದರ ಬಲ ದೊಡ್ಡದು, ಆದ್ರ ಆ ಪಂಚಾಯ್ತಿ ಮತದಾರರ ಯಾದಿ ಒಳಗ ಹೆಸರು ಇರಬೇಕು. ಝುವಾರಿನಗರದ ಕಡೆ ಇರೂ ನಮ್ಮ ಮಂದಿ ಇನ್ನೂ ಊರಿನ ಯಾದಿಯಾಗೇ ಹೆಸರು ಇಟಗೊಂಡು ಗೋವಾದಾಗ ಸುಮ್ನ ಕುಂದರ್ತಾರ, ಅದನ್ನ ಮೊದಲು ಬದಲಿ ಮಾಡಿಸ್ರಿ, ಎರಡೂ ಕಡೆ ಇಡಾಕ ಕಾಯ್ದೆನೂ ಒಪ್ಪೂದಿಲ್ಲ.

ನಮ್ಮ ಮೂರು ಕಂಬದ ಮಾತು ಹೇಳಿ ಬಿಡ್ತೀನಿ. ಬಜೆಟ್ಟಿನಾಗ ಬಂತು, ಆ ವರ್ಷ ಡಿಸೆಂಬರ್ ತನಕ ಏನೂ ಆಗಲಿಲ್ಲ, ನಾವು ಐದು ಹೆಂಗಸರು ಪೋಚ್ ಇದ್ದ ಪ್ರತಿ ಹಿಡಕೊಂಡು ಮೂರು ಸರ್ತಿ ಹೋದ್ವಿ, ಮಾರ್ಚ್ ಎರಡನೇ ವಾರದಾಗ ಕಂಬ ನಿಂತವು, ಎರಡ. ಮೂರನೇದಕ್ಕ ಜಾಗಾ ಅಡಚಣಿ ಅಂದ್ರು. ಬಾಗಲಾದ ಕೊಂಡಿ ನಾಲ್ಕೂ ಹಾಕಿದ್ರು. ಮೂರನೇ ಕಂಬ ನಾಲ್ಕು ಹೆಜ್ಜಿ ಈ ಕಡೆ ಸರಿಸಿದ್ರ ಆಗ್ತೈತಿ ಅಂತ ಕಾಕಾ ಅಳದು ನೋಡ್ಯಾರ, ನಕಾಶಿ ಹೊಸದು ತೆಗದೀವಿ, ಈ ವರ್ಷದ ಫಾರ್ಮಿಗೆ ಅದನ್ನ ಹಚ್ಚೂದೈತಿ.